ತಗಡಿಗೆ ಒಪ್ಪುವ ಸ್ಕ್ರೂ ಯಾವುದು? ಎರಡು ಲೋಹ ಸೇರುವಲ್ಲಿ ತುಕ್ಕು ತಡೆಯುವ ಕ್ರಮ

ಮಳೆಗಾಲ ಕಳೆಯುತ್ತಿದ್ದಂತೆ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಸ್ಟೀಲ್ ಸ್ಕ್ರೂನೇ ಹಾಕ್ಸೀವ್ರೀ, ಸ್ಕ್ರೂ ಇನ್ನೂ ಹೊಳೀತೈತಿ, ಸುತ್ತ ತಗಡು ಮಾತ್ರ ತಿಂದು ಹೋಗೇತಿ. ಯಾಕೆ?” ಕೆಲವರದ್ದು ಇದರ ತಿರುಗುಮುರುಗು. ತಗಡು ಗಟ್ಟಿ, ಮೊಳೆ ಪುಡಿಪುಡಿ. ಎರಡರ ಮೂಲವೂ ಒಂದೇ. ಅಂಗಡಿಯಲ್ಲಿ ಸ್ಕ್ರೂವಿನ ಉದ್ದ ಕೇಳಿರುತ್ತಾರೆ, ದಪ್ಪ ಕೇಳಿರುತ್ತಾರೆ, ಅದು ಯಾವ ಲೋಹದೊಳಗೆ ಹೋಗಿ ಕೂರುತ್ತದೆ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿದ್ದು, ಎರಡನ್ನೂ ಒಂದೇ ನೀರು ಮುಟ್ಟಿದ್ದರೆ ಅಲ್ಲೊಂದು ಸಣ್ಣ ಬ್ಯಾಟರಿ ಹುಟ್ಟುತ್ತದೆ. ಟಾರ್ಚಿನ ಸೆಲ್ ಕೆಲಸ ಮಾಡುವುದೂ ಹೀಗೆಯೇ. ಹಳೆಯ ಸೆಲ್‌ನ ಸತುವಿನ ಡಬ್ಬಿ ತೂತಾಗಿ ಸೋರುವುದು ಆ ಲೋಹ ಕರಗಿ ಹೋಗಿರುವುದರಿಂದ. ಎರಡರಲ್ಲಿ ಒಂದು ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಇದೇ ಗ್ಯಾಲ್ವನಿಕ್ ತುಕ್ಕು. ಕರಗುವುದಕ್ಕೆ ಆನೋಡ್, ಉಳಿಯುವುದಕ್ಕೆ ಕ್ಯಾಥೋಡ್ ಎಂಬ ಹೆಸರುಗಳಿವೆ. ಇಲ್ಲಿ ಕರಗುವ ಲೋಹ, ಉಳಿಯುವ ಲೋಹ ಎಂದೇ ಬರೆಯುತ್ತೇನೆ.

ಲೋಹ ಎರಡು, ತಾಗುವಿಕೆ, ನೀರು. ಇವುಗಳಲ್ಲಿ ಯಾವುದನ್ನು ತಪ್ಪಿಸಿದರೂ ಬ್ಯಾಟರಿ ನಿಂತಿತು. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವ ದಾರಿಗಳು. ಕೈಯಲ್ಲಿ ಒಂದು ಆಯಸ್ಕಾಂತ, ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಸಾಕು.

ಹಂತ 1: ನೀರು ಎಲ್ಲಿ ನಿಲ್ಲುತ್ತದೆ ನೋಡಿ

ದಾವಣಗೆರೆ, ಚಿತ್ರದುರ್ಗ ಎರಡೂ ಸಮುದ್ರದಿಂದ ದೂರ. ಚಳ್ಳಕೆರೆ, ಹಿರಿಯೂರು ಕಡೆ ಮಳೆಯೂ ಕಡಿಮೆ. ಆದ್ದರಿಂದ ಕರಾವಳಿಯ ಕಟ್ಟಡಗಳಿಗೆ ಹೇಳಿದ ಸಲಹೆ ಓದಿ ಇಡೀ ಮನೆಗೆ 316 ದರ್ಜೆಯ (ಉಪ್ಪನ್ನು ಹೆಚ್ಚು ತಾಳುವ) ಸ್ಟೇನ್‌ಲೆಸ್ ಹಾಕಿಸುವ ಅಗತ್ಯವಿಲ್ಲ. ಒಣಗಿರುವ ಒಳಾಂಗಣದಲ್ಲಿ ಅಲ್ಯೂಮಿನಿಯಂ ಚೌಕಟ್ಟಿಗೆ ಕಬ್ಬಿಣದ ಸ್ಕ್ರೂ ಇದ್ದರೂ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಅಲ್ಲಿ ದುಡ್ಡು ಸುರಿಯಬೇಡಿ.

ದುಡ್ಡು ಹಾಕಬೇಕಾದ ಜಾಗಗಳು ಬೇರೆ. ಮಂಡಕ್ಕಿ ಭಟ್ಟಿಯ ಶೆಡ್ಡಿನಲ್ಲಿ ಅಕ್ಕಿಗೆ ಉಪ್ಪುನೀರು ಹಾಕುವುದರಿಂದ ಸಮುದ್ರವೇ ಒಳಗೆ ಬಂದ ಹಾಗೆ. ನೀರಿನಲ್ಲಿ ಉಪ್ಪು ಇದ್ದಷ್ಟೂ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕರಗುವ ವೇಗವೂ ಏರುತ್ತದೆ. ಚನ್ನಗಿರಿ ಕಡೆಯ ಅಡಿಕೆ ಬೇಯಿಸುವ ಮನೆಗಳಲ್ಲಿ ಹಬೆಯ ಜೊತೆಗೆ ಚೊಗರಿನ ಹುಳಿ ಇರುತ್ತದೆ. ಕುಚ್ಚಲಕ್ಕಿ ಮಾಡುವ ರೈಸ್ ಮಿಲ್ಲಿನ ಹಬೆ ಕೋಣೆ, ಗಂಜಲ ಬೀಳುವ ಕೊಟ್ಟಿಗೆ, ಗೊಬ್ಬರದ ಚೀಲ ಪೇರಿಸುವ ಗೋದಾಮು ಇವೂ ಇದೇ ಪಟ್ಟಿಗೆ ಸೇರುತ್ತವೆ. ಯೂರಿಯಾ, ಡಿಎಪಿ ಗಾಳಿಯ ತೇವ ಹೀರಿಕೊಂಡು ತಗಡಿನ ಮೇಲೆ ಉಪ್ಪಿನ ಪದರ ಕೂರಿಸುತ್ತವೆ. ಮನೆಯ ಮಟ್ಟಿಗೆ ಹೇಳುವುದಾದರೆ ಟ್ಯಾಂಕ್ ಉಕ್ಕಿ ಹರಿಯುವ ಮೂಲೆ, ಬಚ್ಚಲು, ಸೋಲಾರ್ ಗೀಸರ್ ಕೆಳಗಿನ ಜಾಗ. ಬೋರ್‌ವೆಲ್‌ನ ಗಡಸು ನೀರು ಬಿದ್ದು ಬಿಳಿ ಪದರ ಕಟ್ಟಿರುವಲ್ಲಿ ಅನುಮಾನವೇ ಬೇಡ.

ನಿಮ್ಮ ಕಟ್ಟಡದ ಇಂಥ ಜಾಗಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಉಳಿದ ಹಂತಗಳು ಮುಖ್ಯವಾಗಿ ಆ ಚೀಟಿಗೆ.

ಹಂತ 2: ಎದುರಿನ ಲೋಹ ಗುರುತಿಸಿ

ಜಿಐ ಶೀಟ್ ಎಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಗ್ಯಾಲ್ವಾಲ್ಯೂಮ್ ಲೇಪದಲ್ಲಿ 55 ಪ್ರತಿಶತ ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು. ಬಣ್ಣದ ಶೀಟಿನ ಬಣ್ಣದ ಕೆಳಗೂ ಇವೆರಡರಲ್ಲಿ ಒಂದು ಇರುತ್ತದೆ. ಆಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ. ಅಂಟದೆ, ಕೈಗೆ ಹಗುರವಿದ್ದರೆ ಅಲ್ಯೂಮಿನಿಯಂ. ಶೀಟಿನ ಕೆಳಗಿನ ಪರ್ಲಿನ್, ಅಂದರೆ ಶೀಟು ಕೂರುವ ಅಡ್ಡಪಟ್ಟಿ, ಎಂಎಸ್ (ಸಾದಾ ಕಬ್ಬಿಣದ) ಪೈಪೋ ಜಿಐ ಪೈಪೋ ಅದನ್ನೂ ನೋಡಿ. ಸ್ಕ್ರೂ ಎರಡನ್ನೂ ಹೊಕ್ಕು ನಿಲ್ಲುತ್ತದಲ್ಲ.

ಹಂತ 3: ಸಾಲಿನಲ್ಲಿ ಯಾರು ಎಲ್ಲಿ

ಬೇಗ ಕರಗುವ ಲೋಹದಿಂದ ಶುರುಮಾಡಿದರೆ ಕಟ್ಟಡದಲ್ಲಿ ಸಿಗುವ ಲೋಹಗಳ ಸಾಲು ಹೀಗಿದೆ:

ಸತು (ಜಿಐ ಲೇಪ) → ಅಲ್ಯೂಮಿನಿಯಂ → ಎಂಎಸ್, ಅಂದರೆ ಸಾದಾ ಕಬ್ಬಿಣ → ಹಿತ್ತಾಳೆ → ತಾಮ್ರ → ಸ್ಟೇನ್‌ಲೆಸ್ ಸ್ಟೀಲ್

ಸಮುದ್ರದ ನೀರಿನಲ್ಲಿ ಅಳೆದಾಗ ಸತು ಸುಮಾರು −1.0 ವೋಲ್ಟ್, ಅಲ್ಯೂಮಿನಿಯಂ −0.75, ಕಬ್ಬಿಣ −0.6, ತಾಮ್ರ −0.3, 304 ದರ್ಜೆಯ (ಸಾಮಾನ್ಯ ಬಳಕೆಯ) ಸ್ಟೇನ್‌ಲೆಸ್ −0.1ರ ಆಸುಪಾಸು ಬರುತ್ತವೆ. ಎರಡು ಲೋಹಗಳ ನಡುವಿನ ಅಂತರವೇ ನಿಮ್ಮ ಬ್ಯಾಟರಿಯ ಬಲ. ಒಣ ಒಳಾಂಗಣದಲ್ಲಿ ಅರ್ಧ ವೋಲ್ಟ್ ಅಂತರವಿದ್ದರೂ ನಡೆಯುತ್ತದೆ, ಹೊರಗೆ ಮಳೆ ಬೀಳುವಲ್ಲಿ ಕಾಲು ವೋಲ್ಟ್ ಮೀರದಿರುವುದು ಒಳ್ಳೆಯದು, ಉಪ್ಪಿರುವಲ್ಲಿ 0.15 ವೋಲ್ಟ್ ಮೀರಬಾರದು ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು ಸೂತ್ರ.

ಹಂತ 4: ದೊಡ್ಡದು ಯಾವುದು, ಚಿಕ್ಕದು ಯಾವುದು

ಬಹಳ ಜನ ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕರಗುವ ಲೋಹ ಚಿಕ್ಕದಾಗಿ, ಉಳಿಯುವ ಲೋಹ ದೊಡ್ಡದಾಗಿ ಇದ್ದರೆ ಹಾನಿ ಭಯಂಕರ. ಅಷ್ಟೂ ವಿದ್ಯುತ್ತಿನ ಹೊರೆ ಆ ಸಣ್ಣ ತುಂಡಿನ ಮೇಲೆ ಬೀಳುತ್ತದೆ. ದೇವಸ್ಥಾನದ ಬಾಗಿಲಿಗೆ ಹಿತ್ತಾಳೆ ತಗಡು ಹೊದಿಸಿ ಕಬ್ಬಿಣದ ಮೊಳೆ ಹೊಡೆದದ್ದನ್ನು ನೀವೂ ನೋಡಿರುತ್ತೀರಿ. ಅಭಿಷೇಕದ ನೀರು, ಒರೆಸುವ ಒದ್ದೆ ಬಟ್ಟೆ ಎಲ್ಲ ಸೇರಿ ಕೆಲವು ವರ್ಷದಲ್ಲೇ ಮೊಳೆಯ ತಲೆ ಉದುರುತ್ತದೆ, ತಗಡು ಸಡಿಲವಾಗುತ್ತದೆ. ಅಲ್ಲಿಗೆ ಹಿತ್ತಾಳೆ ಮೊಳೆಯೇ ಬೇಕು. ಸ್ಟೇನ್‌ಲೆಸ್ ರೇಲಿಂಗಿಗೆ ಜಿಐ ಬೋಲ್ಟು, ಸ್ಟೇನ್‌ಲೆಸ್ ಹಾಳೆಗೆ ಅಲ್ಯೂಮಿನಿಯಂ ಪಾಪ್ ರಿವಿಟ್ ಇವೂ ಇದೇ ತಪ್ಪು. ಬೋಲ್ಟು ಯಾವತ್ತೂ ತಾನು ಹಿಡಿಯುವ ಹಾಳೆಯ ಲೋಹದ್ದೇ ಇರಬೇಕು, ಇಲ್ಲವೇ ಸಾಲಿನಲ್ಲಿ ಅದಕ್ಕಿಂತ ಬಲಕ್ಕೆ ಇರಬೇಕು. ಈ ಒಂದು ನಿಯಮ ನೆನಪಿಟ್ಟುಕೊಂಡರೆ ಮುಕ್ಕಾಲು ಪಾಲು ತಪ್ಪು ತಪ್ಪುತ್ತದೆ.

ಹಾಗಾದರೆ ಜಿಐ ಶೀಟಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿದವರದ್ದು ಏನು ತಪ್ಪು? ಹಾಳೆ ದೊಡ್ಡದು, ಸ್ಕ್ರೂ ಚಿಕ್ಕದು, ನಿಯಮ ಸರಿಯಾಗಿಯೇ ಇದೆಯಲ್ಲ? ಇದೆ, ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮಳೆನೀರು ತಗಡಿನ ಮೇಲೆ ತೆಳ್ಳಗೆ ಪಸರಿಸುತ್ತದೆ, ಅದರಲ್ಲಿ ಉಪ್ಪೂ ಕಡಿಮೆ. ಹಾಗಾಗಿ ವಿದ್ಯುತ್ ದೂರ ಹರಿಯಲಾರದು, ಸ್ಕ್ರೂವಿನ ಸುತ್ತ ಕೆಲವೇ ಮಿಲಿಮೀಟರಿನೊಳಗೆ ಸುತ್ತುತ್ತದೆ. ಹಾಳೆ ಎಷ್ಟೇ ದೊಡ್ಡದಿದ್ದರೂ ಕರಗುವುದು ಆ ಉಂಗುರದಷ್ಟು ಜಾಗದ ಸತು ಮಾತ್ರ. ಶೀಟಿನ ಲೇಪವೋ ತೀರಾ ತೆಳು. 120 ಜಿಎಸ್‌ಎಂ ಎಂದರೆ ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಸತು, ಒಂದು ಬದಿಗೆ ಸುಮಾರು 8 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). 275 ಜಿಎಸ್‌ಎಂ ಆದರೂ ಬದಿಗೆ 20 ಮೈಕ್ರಾನಿನೊಳಗೇ. ಆ ಉಂಗುರದ ಸತು ಮುಗಿದ ಮೇಲೆ ಕೆಳಗಿನ ಕಬ್ಬಿಣದ ಸರದಿ. ಸ್ಕ್ರೂ ಹೊಳೆಯುತ್ತಿದ್ದು ತಗಡು ತಿಂದು ಹೋಗುವುದು ಹೀಗೆ.

ಅಲ್ಯೂಮಿನಿಯಂ ಶೀಟಿಗಾದರೆ ಈ ಭಯ ಅಷ್ಟಿಲ್ಲ. ಅದು ಲೇಪವಲ್ಲ, ಪೂರ್ತಿ ದಪ್ಪವೂ ಅದೇ ಲೋಹ. ಮೇಲೆ ತನ್ನದೇ ಆಕ್ಸೈಡ್ ಪದರವನ್ನೂ ಕಟ್ಟಿಕೊಳ್ಳುತ್ತದೆ. ಹಂತ 3ರ ಅಂತರ ಹೆಚ್ಚಿದ್ದರೂ ಉಪ್ಪಿಲ್ಲದ ಕಡೆ ಅದಕ್ಕೆ 304 ಸ್ಟೇನ್‌ಲೆಸ್ ಹಾಕಬಹುದು.

ಹಂತ 5: ಅಂಗಡಿಯಲ್ಲಿ ಹೀಗೆ ಕೇಳಿ

“ತುಕ್ಕು ಹಿಡಿಯದ ಸ್ಕ್ರೂ ಕೊಡಿ” ಎಂದು ಕೇಳಿದರೆ ಹೊಳೆಯುವ ಯಾವುದನ್ನಾದರೂ ಕೊಡುತ್ತಾರೆ. ಲೋಹವನ್ನೂ ಲೇಪವನ್ನೂ ಹೆಸರಿಟ್ಟು ಕೇಳಬೇಕು.

– ಜಿಐ ಅಥವಾ ಗ್ಯಾಲ್ವಾಲ್ಯೂಮ್ ಶೀಟಿಗೆ: ಹೊರಾಂಗಣಕ್ಕೆಂದು ದಪ್ಪ ಸತು ಅಥವಾ ಸತು-ಅಲ್ಯೂಮಿನಿಯಂ ಲೇಪ ಕೊಟ್ಟ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, ಇಪಿಡಿಎಂ ರಬ್ಬರ್ ವಾಷರ್ ಸಮೇತ.
– ಅಲ್ಯೂಮಿನಿಯಂ ಶೀಟು, ಕಿಟಕಿ, ಸೋಲಾರ್ ಪ್ಯಾನೆಲ್ ಚೌಕಟ್ಟಿಗೆ: 304 ಸ್ಟೇನ್‌ಲೆಸ್.
– ಜಿಐ ಸ್ಟ್ರಕ್ಚರಿಗೆ: ಹಾಟ್ ಡಿಪ್ ಬೋಲ್ಟು.
– ಸ್ಟೇನ್‌ಲೆಸ್‌ಗೆ: ಸ್ಟೇನ್‌ಲೆಸ್ ಮಾತ್ರ.
– ತಾಮ್ರ, ಹಿತ್ತಾಳೆಗೆ: ಹಿತ್ತಾಳೆ ಅಥವಾ ಸ್ಟೇನ್‌ಲೆಸ್.

ಹಾಟ್ ಡಿಪ್ ಎಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಮಬ್ಬು ಬೂದು ಬಣ್ಣ, ಮುಟ್ಟಿದರೆ ತುಸು ಒರಟು, ಲೇಪ 40–50 ಮೈಕ್ರಾನ್ ಬರುತ್ತದೆ. ಹಳದಿಯಾಗಿಯೋ ಬೆಳ್ಳಿಯಂತೆಯೋ ಥಳಥಳ ಹೊಳೆಯುವುದು ವಿದ್ಯುತ್ತಿನಿಂದ ಮಾಡಿದ ಝಿಂಕ್ ಪ್ಲೇಟಿಂಗ್, ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್. ಒಳನಾಡಿನ ಸಾಧಾರಣ ಹವೆಯಲ್ಲಿ ಸತು ವರ್ಷಕ್ಕೆ 1 ಮೈಕ್ರಾನಿಗಿಂತ ಕಡಿಮೆ ಸವೆಯುತ್ತದೆ. ಎರಡಕ್ಕೂ ಆಯಸ್ಸು ಎಷ್ಟೆಂದು ನೀವೇ ಲೆಕ್ಕ ಹಾಕಬಹುದು. ಹೊಳಪು ನೋಡಿ ಮರುಳಾಗುವವರೇ ಹೆಚ್ಚು; ಬಾಳುವುದು ಮಬ್ಬುಬಣ್ಣದ್ದು. ಹಾಟ್ ಡಿಪ್ ಬೋಲ್ಟಿಗೆ ಅದರದ್ದೇ ನಟ್ಟು ತೆಗೆದುಕೊಳ್ಳಿ. ಲೇಪ ದಪ್ಪವಿರುವುದರಿಂದ ಸಾದಾ ನಟ್ಟು ಅದರ ಮೇಲೆ ತಿರುಗುವುದಿಲ್ಲ. ಮೇಸ್ತ್ರಿ ಡೈ ಹಾಕಿ ಬೋಲ್ಟಿನ ಹಲ್ಲು ಉಜ್ಜಿ ಸೇರಿಸುತ್ತೇನೆ ಎಂದರೆ ಒಪ್ಪಬೇಡಿ, ಕೊಟ್ಟ ದುಡ್ಡಿನ ಸತುವೆಲ್ಲ ಅಲ್ಲೇ ಉದುರಿತು.

ಸ್ಟೇನ್‌ಲೆಸ್‌ನಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಬೋಲ್ಟಿನ ತಲೆಯ ಮೇಲೆ ಎ2-70 ಎಂದಿದ್ದರೆ 304ರ ವರ್ಗ, ಎ4-70 ಎಂದಿದ್ದರೆ 316ರ ವರ್ಗ. ಗುರುತೇ ಇಲ್ಲದ್ದು ಅಗ್ಗದ 202 ಇರಬಹುದು. ಅದರಲ್ಲಿ ನಿಕ್ಕಲ್ ಕಡಿಮೆ, ತೇವದಲ್ಲಿ ಕಂದು ಕಲೆ ಬರುತ್ತದೆ. ಆಯಸ್ಕಾಂತ ಹಿಡಿದು ಪರೀಕ್ಷಿಸುವ ಪದ್ಧತಿಯನ್ನು ಪೂರ್ತಿ ನಂಬಬೇಡಿ. 202ಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಅಸಲಿ 304 ಬೋಲ್ಟು ತಣ್ಣಗೆ ಬಡಿದು ರೂಪಿಸಿದ್ದರೆ ತುಸು ಅಂಟುವುದೂ ಉಂಟು. ಸ್ಟೀಲ್ ರೇಲಿಂಗ್ ಕೆಲಸದವರ ಬಳಿ ಹನಿ ಹಾಕಿ ನೋಡುವ ದ್ರಾವಣ ಇರುತ್ತದೆ, 202 ಆದರೆ ಕೆಂಪಾಗುತ್ತದೆ. ಆಯಸ್ಕಾಂತ ಕೆಲಸಕ್ಕೆ ಬರುವುದು ಒಂದೇ ಕಡೆ: ‘ಎಸ್‌ಎಸ್ ಸೆಲ್ಫ್ ಡ್ರಿಲ್ಲಿಂಗ್’ ಎಂದು ಮಾರುವ ಸ್ಕ್ರೂ ಗಟ್ಟಿಯಾಗಿ ಅಂಟಿದರೆ ಅದು 410 ದರ್ಜೆ. ತಾನೇ ಕೊರೆದುಕೊಂಡು ಹೋಗಲು ಗಡಸು ಬೇಕೆಂದು ಹಾಗೆ ಮಾಡಿರುತ್ತಾರೆ. ಅದರ ತುಕ್ಕು ನಿರೋಧ 304ಕ್ಕಿಂತ ಕಡಿಮೆ. ಒದ್ದೆಯಾಗುವ ಅಲ್ಯೂಮಿನಿಯಂನಲ್ಲಿ ಹಾಕಿದರೆ ಒಳಗೊಳಗೇ ಬಿರುಕು ಬಿಟ್ಟು ಒಂದು ದಿನ ತಲೆ ಹಾರಿಹೋಗುವ ಅಪಾಯವೂ ಇದೆ. ಅಂಥಲ್ಲಿ ಮೊದಲು ಡ್ರಿಲ್ ಮಾಡಿ 304 ಸ್ಕ್ರೂ ಹಾಕಿಸಿ. ಇಲ್ಲವೇ ಮೈ 304, ಕೊರೆಯುವ ತುದಿ ಮಾತ್ರ ಕಬ್ಬಿಣ ಇರುವ ಬೈಮೆಟಲ್ ಸ್ಕ್ರೂ ತರಿಸಿ.

ಜಿಪ್ಸಂ ಸೀಲಿಂಗಿನ ಕಪ್ಪು ಸ್ಕ್ರೂ ಮಿಕ್ಕಿದೆ ಎಂದು ಶೆಡ್ಡಿಗೆ ಹೊಡೆಯುವವರಿದ್ದಾರೆ. ಅದರ ಮೇಲಿರುವುದು ಫಾಸ್ಫೇಟ್ ಪದರ ಅಷ್ಟೇ, ಒಂದು ಮಳೆಗಾಲಕ್ಕೂ ತಾಳುವುದಿಲ್ಲ.

ಹಂತ 6: ಬೇರೆ ದಾರಿ ಇಲ್ಲದಿದ್ದರೆ ನಡುವೆ ತಡೆ ಇಡಿ

ಹೊಂದದ ಎರಡು ಲೋಹಗಳನ್ನು ಸೇರಿಸಲೇಬೇಕಾದ ಸಂದರ್ಭ ಬರುತ್ತದೆ. ತಾರಸಿಯ ಮೇಲೆ ಜಿಐ ಸ್ಟ್ಯಾಂಡು, ಅದರ ಮೇಲೆ ಅಲ್ಯೂಮಿನಿಯಂ ಚೌಕಟ್ಟು, ನಡುವೆ ಸ್ಟೇನ್‌ಲೆಸ್ ಬೋಲ್ಟು. ಸೋಲಾರ್ ಹಾಕಿಸಿದ ಮನೆಗಳಲ್ಲೆಲ್ಲ ಸಾಮಾನ್ಯವಾಗಿ ಕಾಣುವ ಜೋಡಣೆ ಇದು.

ತಡೆ ಇಡುವ ಉಪಾಯ ಹಳೆಯದು. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ಹಾಳೆ ಹೊದಿಸಿತು. 1763ರಲ್ಲಿ ಬಿಚ್ಚಿ ನೋಡಿದರೆ ಕಬ್ಬಿಣದ ಮೊಳೆಗಳು ತಿಂದು ಹೋಗಿದ್ದವು. ಹಾಳೆಗೆ ಸುತ್ತಿ ಬಂದಿದ್ದ ಕಂದು ಕಾಗದ ಮೊಳೆಗೂ ತಾಮ್ರಕ್ಕೂ ನಡುವೆ ಹಾಗೆಯೇ ಉಳಿದಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು.

ಕಾಗದದ ಬದಲು ಈಗ ನೈಲಾನ್ ವಾಷರ್ ಇದೆ. ಆದರೆ ವಾಷರ್ ಒಂದೇ ಸಾಲದು. ಬೋಲ್ಟಿನ ಮೈ ತೂತಿನ ಅಂಚಿಗೆ ತಾಗಿಯೇ ತಾಗುತ್ತದೆ. ಮೈಗೆ ನೈಲಾನ್ ಬುಶ್, ಅಂದರೆ ತೂತಿನೊಳಗೆ ಕೂರುವ ಕೊಳವೆ, ತಲೆಯ ಕೆಳಗೊಂದು ವಾಷರ್, ನಟ್ಟಿನ ಕೆಳಗೊಂದು ವಾಷರ್ ಮೂರೂ ಬೇಕು. ಬಿಗಿದ ಮೇಲೆ, ಎಲ್ಲ ಒಣಗಿರುವಾಗ, ಮಲ್ಟಿಮೀಟರನ್ನು ಬೀಪ್ ಸೆಟ್ಟಿಂಗಿನಲ್ಲಿಟ್ಟು ಒಂದು ಕಡ್ಡಿ ಬೋಲ್ಟಿಗೆ, ಇನ್ನೊಂದು ಚೌಕಟ್ಟಿಗೆ ಮುಟ್ಟಿಸಿ. ಬೀಪ್ ಬಂದರೆ ಎಲ್ಲೋ ತಾಗಿದೆ. ಚೌಕಟ್ಟೂ ಸ್ಟ್ಯಾಂಡೂ ನೇರವಾಗಿ ಕೂರುವಲ್ಲಿ ಬ್ಯೂಟೈಲ್ ಟೇಪ್ ಅಥವಾ ರಬ್ಬರ್ ಪಟ್ಟಿ ಹಾಸಿ. ಎಂಎಸ್ ಪರ್ಲಿನ್ ಮೇಲೆ ಅಲ್ಯೂಮಿನಿಯಂ ಶೀಟು ಹಾಕುವಾಗಲೂ ಇದೇ ಕ್ರಮ.

ಎರಡು ಎಚ್ಚರಿಕೆ. ಸೋಲಾರ್ ಚೌಕಟ್ಟನ್ನು ಹೀಗೆ ಬೇರ್ಪಡಿಸಿದರೆ ಅದರ ಅರ್ಥಿಂಗ್ ಸಂಪರ್ಕವೂ ತಪ್ಪುತ್ತದೆ. ಚೌಕಟ್ಟಿಗೆ ಪ್ರತ್ಯೇಕ ಅರ್ಥ್ ತಂತಿ ಎಳೆಸದೆ ಈ ಕೆಲಸ ಮಾಡಿಸಲೇಬೇಡಿ. ತುಕ್ಕಿಗಿಂತ ಶಾಕ್ ದೊಡ್ಡ ಅಪಾಯ. ಎರಡನೆಯದು, ಭಾರ ಹೊರುವ ಬೋಲ್ಟುಗಳು: ಟ್ರಸ್, ಕಂಬದ ಬುಡ, ನೀರಿನ ಟ್ಯಾಂಕಿನ ಸ್ಟ್ಯಾಂಡು. ನೈಲಾನ್ ಒತ್ತಡಕ್ಕೆ ನಿಧಾನವಾಗಿ ಕುಸಿಯುವುದರಿಂದ ಬಿಗಿ ಸಡಿಲವಾಗುತ್ತದೆ. ಇಂಥ ಕಡೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ವಾಷರ್ ಸೇರಿಸಬೇಡಿ.

ಬಣ್ಣ ಹಚ್ಚುವುದೂ ಒಂದು ತಡೆಯೇ, ಆದರೆ ಎಲ್ಲರೂ ಉಲ್ಟಾ ಹಚ್ಚುತ್ತಾರೆ. ಕರಗುವ ಲೋಹಕ್ಕೆ ಮಾತ್ರ ಬಣ್ಣ ಹೊಡೆದರೆ, ಆ ಬಣ್ಣದಲ್ಲಿ ಗೀರು ಬಿದ್ದ ಕಡೆ ಪೂರ್ತಿ ಹಾನಿ ಒಂದೇ ಚುಕ್ಕೆಯಲ್ಲಿ ಸೇರಿ ತೂತು ಕೊರೆಯುತ್ತದೆ. ಒಂದಕ್ಕೇ ಹಚ್ಚುವುದಾದರೆ ಉಳಿಯುವ ಲೋಹಕ್ಕೆ ಹಚ್ಚಿ. ಎರಡಕ್ಕೂ ಹಚ್ಚಿದರೆ ಇನ್ನೂ ಉತ್ತಮ.

ಹಂತ 7: ಫಿಟ್ಟಿಂಗ್ ದಿನ ನಿಂತು ನೋಡಬೇಕಾದದ್ದು

ಮೇಲೆ ನಿಂತು ಗ್ರೈಂಡರ್ ಹಿಡಿಯಲು ಬಿಡಬೇಡಿ. ಕಿಡಿಯ ಜೊತೆ ಹಾರುವ ಕಬ್ಬಿಣದ ಪುಡಿ ಶೀಟಿಗೆ ಅಂಟಿ ಮೊದಲ ಮಳೆಗೇ ಕೆಂಪು ಚುಕ್ಕೆ ಎಬ್ಬಿಸುತ್ತದೆ. ಡ್ರಿಲ್ ಚೂರುಗಳನ್ನು ಅದೇ ಸಂಜೆ ಗುಡಿಸಿಸಿ. ಕತ್ತರಿಸಿದ ಅಂಚಿಗೆ, ವೆಲ್ಡಿಂಗ್ ಮಾಡಿದ ಜಾಗಕ್ಕೆ ಸತುವಿನ ಅಂಶ ಹೆಚ್ಚಿರುವ ಬಣ್ಣ ಹಚ್ಚಿಸಿ. ಸಿಲಿಕೋನ್ ಕೊಳ್ಳುವಾಗ ‘ನ್ಯೂಟ್ರಲ್’ ಎಂದಿರುವುದನ್ನೇ ತನ್ನಿ. ವಿನೆಗರ್ ವಾಸನೆ ಬರುವ ಬಗೆಯದ್ದು ಆರುವಾಗ ಬಿಡುವ ಆಮ್ಲ ಸತುವನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಲ್ಲಿ ರಭಸದಿಂದ ಬಿಗಿದರೆ ಹಲ್ಲುಗಳು ಒಂದಕ್ಕೊಂದು ಕಚ್ಚಿ ಅಲ್ಲೇ ಹಿಡಿದುಬಿಡುತ್ತವೆ, ಆಮೇಲೆ ಕೊಯ್ದೇ ತೆಗೆಯಬೇಕು. ಸ್ವಲ್ಪ ಗ್ರೀಸ್ ಹಚ್ಚಿ ಕೈಯಿಂದ ನಿಧಾನವಾಗಿ ತಿರುಗಿಸಲು ಹೇಳಿ.

ಸೋಲಾರ್ ಗೀಸರ್‌ನ ತಾಮ್ರದ ಪೈಪ್ ಜಿಐ ಶೀಟಿನ ಮೇಲ್ಗಡೆ ಹಾದು ಹೋಗಬಾರದು. ಇಲ್ಲಿ ಲೋಹಗಳು ಒಂದಕ್ಕೊಂದು ತಾಗದಿದ್ದರೂ ಹಾನಿಯಾಗುತ್ತದೆ. ತಾಮ್ರದ ಮೇಲಿಂದ ತೊಟ್ಟಿಕ್ಕುವ ನೀರು ತರುವ ತಾಮ್ರದ ಅಂಶವೇ ಸತುವಿನ ಮೇಲೆ ಕೂತು ಕೊರೆಯತೊಡಗುತ್ತದೆ. ಜಿಐ ಶೀಟಿನ ನೀರು ತಾಮ್ರದ ಮೇಲೆ ಬಿದ್ದರೆ ತೊಂದರೆಯಿಲ್ಲ. ಇನ್ನು ಹಸಿ ಸಿಮೆಂಟಿಗೆ ಅಲ್ಯೂಮಿನಿಯಂ ಕಿಟಕಿಯನ್ನು ನೇರ ಕೂರಿಸುವುದು ಬೇಡ. ಅದು ಎರಡು ಲೋಹದ ವಿಷಯವಲ್ಲ, ಸಿಮೆಂಟಿನ ಕ್ಷಾರವೇ ಅಲ್ಯೂಮಿನಿಯಂ ತಿನ್ನುತ್ತದೆ. ಟೇಪ್ ಅಂಟಿಸಿ ಕೂರಿಸಿ.

ಹಂತ 8: ವರ್ಷಕ್ಕೊಮ್ಮೆ ಹತ್ತಿ ನೋಡಿ

ದಸರೆಯ ಹೊತ್ತಿಗೆ, ಮಳೆ ಹಿಂದೆ ಸರಿದ ಮೇಲೆ ನೋಡುವುದು ಒಳ್ಳೆಯದು. ಸ್ಕ್ರೂ ಸುತ್ತ ಬಿಳಿ ಪುಡಿ ಕಂಡರೆ ಸತು ಅಥವಾ ಅಲ್ಯೂಮಿನಿಯಂ ಕರಗುತ್ತಿದೆ, ಇನ್ನೂ ಸಮಯವಿದೆ. ಕೆಂಪು ಕಂಡರೆ ಲೇಪ ಮುಗಿದು ಕಬ್ಬಿಣಕ್ಕೆ ಇಳಿದಿದೆ. ತುಕ್ಕು ಹಿಡಿದ ಸ್ಕ್ರೂ ತಲೆಯ ಮೇಲೆ ಸಿಲಿಕೋನ್ ಬಳಿದು ಮುಚ್ಚುವುದು ನಮ್ಮ ಕಡೆ ರೂಢಿ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಸ್ಕ್ರೂ ಬಿಚ್ಚಿ, ಸುತ್ತ ಉಜ್ಜಿ, ಸತುವಿನ ಬಣ್ಣ ಹಚ್ಚಿ, ಹಳೆಯ 5.5 ಮಿಲಿಮೀಟರಿನದ್ದರ ಜಾಗಕ್ಕೆ 6.3 ಮಿಲಿಮೀಟರಿನ ಸ್ಕ್ರೂ ಹಾಕಿ. ದೊಡ್ಡದಾದ ತೂತಿನಲ್ಲಿ ಅದು ಹಿಡಿದುಕೊಳ್ಳುತ್ತದೆ. ವಾಷರಿನ ರಬ್ಬರ್ ಬಿಸಿಲಿಗೆ ಒಡೆದಿದ್ದರೆ ಅದನ್ನೂ ಬದಲಿಸಿ. ಹೊಸ ಡಬ್ಬಿಯ ಲೇಬಲ್ಲನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮುಂದಿನ ಸಲ ಬೇರೆ ಲೋಹದ್ದು ತಂದು ನಡುವೆ ಸೇರಿಸುವ ಗೊಂದಲ ಇರುವುದಿಲ್ಲ.